ಒಡೆತನ ಮತ್ತು ಪಾರುಪತ್ಯ



ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿಯ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಸೀತಾದೇವಿ ಲವಕುಶರನ್ನು ಹೆತ್ತ ವಾಲ್ಮೀಕಿಯ ಆಶ್ರಮ ಇಲ್ಲಿತ್ತೆಂಬುದು ಜನರ ನಂಬಿಕೆ. ನೊಳಂಬರ ಕಾಲದ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ದೇವಾಲಯಗಳು ಬೆಟ್ಟದ ಬುಡದಲ್ಲಿ ಇಂದಿಗೂ ನಿಂತಿವೆ. ಹತ್ತನೆಯ ಶತಮಾನದಲ್ಲಿ ತ್ರಿಭುವನಕರ್ತನೆಂಬ ಯತಿಯೊಬ್ಬನು ಆವನಿಯ ಸ್ಥಾನವನ್ನು 40 ವರ್ಷ ಆಳಿದನೆಂದೂ ಆ ಅವಧಿಯಲ್ಲಿ 50 ದೇವಾಲಯಗಳನ್ನೂ 2 ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದೂ ಶಾಸನ ಹೇಳುತ್ತದೆ. ಈತ ರಾಜನಲ್ಲ. ಸ್ಥಾನದ ಆಸ್ತಿ ಅವನ ಸ್ವಂತದ್ದೂ ಅಲ್ಲ. ಅವನು ನಡೆಸಿದ್ದು ಪಾರುಪತ್ಯ. ಏನು ಕಟ್ಟಿದ, ಎಷ್ಟು ಕಟ್ಟಿದ ಎಂಬ ಲೆಕ್ಕವನ್ನು ಊರವರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಕೊರೆಯಿಸಲಾಯಿತು.

ಒಡೆತನ ಬೇರೆ, ಪಾರುಪತ್ಯ ಬೇರೆ. ಈ ಭೇದ ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ದೇವರ ಆಸ್ತಿಗೆ ದೇವರೇ ಒಡೆಯ. ಅದನ್ನು ನಡೆಸುವವನು ಪಾರುಪತ್ಯಗಾರ. ಲೆಕ್ಕ ಒಪ್ಪಿಸದಿದ್ದರೆ ಅವನನ್ನು ಕೇಳುವವರು ಬೇರೆ ಇದ್ದರು. ಇಂದು ನಾನು ಮಾತನಾಡಬೇಕೆಂದಿರುವುದು ದೇವಾಲಯದ ವಿಷಯವನ್ನಲ್ಲ, ವಿಮಾನ ನಿಲ್ದಾಣದ ವಿಷಯವನ್ನು. ಸರ್ಕಾರದ ಒಡೆತನದಲ್ಲಿದ್ದ ವಿಮಾನ ನಿಲ್ದಾಣಗಳ ಒಡೆತನವೂ ಆಡಳಿತವೂ ನಮ್ಮ ದೇಶದಲ್ಲಿ, ನಮ್ಮ ರಾಜ್ಯದಲ್ಲಿ ಹೇಗೆ ಬದಲಾದುವು, ಆ ಬದಲಾವಣೆಯಲ್ಲಿ ಜನರಿಗೆ ಉಳಿದದ್ದೇನು ಎಂಬುದೇ ಇಂದಿನ ವಿಚಾರ.

ವಿಮಾನವನ್ನು ಆಕಾಶದಲ್ಲಷ್ಟೇ ಕಂಡವರಿಗೆ ಈ ವಿಚಾರ ಏಕೆ ಎಂದು ಕೆಲವರು ಕೇಳಬಹುದು. ತುಂಬಿ ಹರಿಯುವ ನದಿಯಿಲ್ಲದ ಕೋಲಾರದ ಜನರಿಗೆ ಕೆರೆಯ ಹೋಲಿಕೆಯಿಂದ ಇದನ್ನು ಹೇಳಿದರೆ ಸುಲಭವಾದೀತು. ಊರಿಗೆ ಇರುವುದು ಒಂದೇ ಕೆರೆ. ಅದರ ನೀರು ಸರಿಯಾಗಿ ಬರಲಿಲ್ಲವೆಂದು ರೈತನು ಇನ್ನೊಂದು ಕೆರೆಯನ್ನು ಹುಡುಕಿಕೊಂಡು ಹೋಗಲಾರ. ಜವಳಿ ಅಂಗಡಿಯ ಮಾತು ಬೇರೆ; ಒಂದು ಅಂಗಡಿಯಲ್ಲಿ ದರ ಹೆಚ್ಚಾದರೆ ಪಕ್ಕದ ಅಂಗಡಿಗೆ ಹೋಗಬಹುದು. ವಿಮಾನ ನಿಲ್ದಾಣ ಕೆರೆಯ ಜಾತಿಗೆ ಸೇರಿದ್ದು. ಬೆಂಗಳೂರಿನ ಸುತ್ತಣ ನಾಲ್ಕಾರು ಜಿಲ್ಲೆಗಳಿಗೆ ಅದು ಒಂದೇ. ನಮ್ಮ ಜಿಲ್ಲೆಯ ಹೂವು ತರಕಾರಿಗಳು ಹೊರದೇಶಕ್ಕೆ ವಿಮಾನದಲ್ಲಿ ಹೋಗಬೇಕಾದರೂ, ಊರಿನ ಹುಡುಗ ಕೊಲ್ಲಿಯ ದೇಶಕ್ಕೆ ದುಡಿಯಲು ಹೋಗಬೇಕಾದರೂ ಹತ್ತಿರದ ಬಾಗಿಲು ಅದೇ. ಇಂತಹ ಬಾಗಿಲಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳುವುದು ವಿಮಾನ ಹತ್ತುವವರ ಹಕ್ಕು ಮಾತ್ರವಲ್ಲ. ಅದಕ್ಕಾಗಿ ಭೂಮಿ ಕೊಟ್ಟ ನಾಡಿನ ಹಕ್ಕು.

ಮೊದಲು ಹಳೆಯ ವ್ಯವಸ್ಥೆಯನ್ನು ನೋಡೋಣ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಅದು ಮುಂದೆ ಭಾರತ ಸರ್ಕಾರದ ವಶವಾಗಿ, 1964ರಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. ಅದರ ರನ್‌ವೇಯೇ ಹಲವು ದಶಕಗಳ ಕಾಲ ಬೆಂಗಳೂರಿನ ನಾಗರಿಕ ವಿಮಾನಗಳಿಗೂ ಆಸರೆ. ನೆಲ ಒಂದು ಸಂಸ್ಥೆಯದು, ಪ್ರಯಾಣಿಕರ ಕಟ್ಟಡದ ಆಡಳಿತ ಮತ್ತೊಂದು ಸಂಸ್ಥೆಯದು, ಎರಡೂ ಕೇಂದ್ರ ಸರ್ಕಾರದವು.

ದೇಶದ ಮಟ್ಟದಲ್ಲಿ, ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸುಗಳ ಅಂತರರಾಷ್ಟ್ರೀಯ ನಿಲ್ದಾಣಗಳಿಗಾಗಿ 1972ರಲ್ಲಿ ಒಂದು ಪ್ರಾಧಿಕಾರ ಬಂದಿತು. ಉಳಿದ ನಿಲ್ದಾಣಗಳಿಗೆ 1986ರಲ್ಲಿ ಇನ್ನೊಂದು ಬಂದಿತು. 1994ರ ಕಾಯಿದೆಯ ಮೇರೆಗೆ, 1995ರ ಏಪ್ರಿಲ್ 1ರಂದು ಎರಡೂ ಒಂದಾಗಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವಾಯಿತು. ಈ ವ್ಯವಸ್ಥೆಗೆ ಒಂದು ಗುಣವಿತ್ತು, ಒಂದು ದೋಷವಿತ್ತು. ದೊಡ್ಡ ಊರುಗಳ ನಿಲ್ದಾಣಗಳ ಲಾಭ ಸಣ್ಣ ಊರುಗಳ ನಷ್ಟವನ್ನು ತುಂಬುತ್ತಿದ್ದುದು ಅದರ ಗುಣ. ಕಟ್ಟುವವರು, ನಡೆಸುವವರು, ದರ ಗೊತ್ತುಮಾಡುವವರು ಎಲ್ಲರೂ ಒಂದೇ ಛಾವಣಿಯ ಕೆಳಗಿದ್ದುದು ದೋಷ. ತಾನೇ ಬರೆದ ಲೆಕ್ಕವನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಶಾನುಭೋಗನಂತೆ ಅದರ ಸ್ಥಿತಿ. ಬೆಂಗಳೂರಿನ ನಿಲ್ದಾಣ ಇಕ್ಕಟ್ಟಾಯಿತೆಂದರೆ ಕಡತ ದೆಹಲಿಗೆ ಹೋಗಿ ಅಲ್ಲಿಂದ ಹಿಂದಿರುಗುವವರೆಗೆ ಕಾಯಬೇಕು. ಸರ್ಕಾರದ ಒಡೆತನವೆಂದರೆ ಜನರ ಒಡೆತನವೆಂದೇ ಅರ್ಥವಲ್ಲ ಎಂಬುದು ಅಲ್ಲಿ ಕ್ಯೂ ನಿಂತವರಿಗೆಲ್ಲ ತಿಳಿದಿತ್ತು.

ಹೊಸ ನಿಲ್ದಾಣಕ್ಕೆ ದೇವನಹಳ್ಳಿಯ ಬಳಿಯ ಸ್ಥಳವನ್ನು ಆರಿಸಿದ್ದು 1991ರಲ್ಲಿ. 1995ರಲ್ಲಿ ಟಾಟಾ ಸಂಸ್ಥೆ, ಅಮೆರಿಕದ ರೇಥಿಯಾನ್ ಮತ್ತು ಸಿಂಗಪುರದ ಚಾಂಗಿ ನಿಲ್ದಾಣದವರು ಕೂಡಿ ರಾಜ್ಯದೊಡನೆ ಮಾತುಕತೆಗೆ ಬಂದರು. ಅನುಮತಿಗಳ ವಿಳಂಬಕ್ಕೆ ಬೇಸತ್ತು 1998ರಲ್ಲಿ ಹಿಂದೆ ಸರಿದರು. 2001ರಲ್ಲಿ ಬೆಂಗಳೂರು ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಅದರ ಪಾಲುಗಳು ಹೀಗಿದ್ದುವು: ಜರ್ಮನಿಯ ಸೀಮೆನ್ಸ್ ಶೇಕಡಾ 40, ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಿಲ್ದಾಣ ಸಂಸ್ಥೆ 17, ಲಾರ್ಸನ್ ಅಂಡ್ ಟೂಬ್ರೋ 17, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ 13, ಕರ್ನಾಟಕ ಸರ್ಕಾರದ ಕೈಗಾರಿಕಾ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ 13. ಸುಮಾರು 4,000 ಎಕರೆ ಭೂಮಿಯನ್ನು ರಾಜ್ಯವು ಗುತ್ತಿಗೆಗೆ ಕೊಟ್ಟಿತು. 350 ಕೋಟಿ ರೂಪಾಯಿಗಳ ಬಡ್ಡಿಯಿಲ್ಲದ ನೆರವಿಗೂ ಒಪ್ಪಿತು. ಮುಖ್ಯ ಕರಾರಿಗೆ ಸಹಿ ಬಿದ್ದದ್ದು 2004ರ ಜುಲೈನಲ್ಲಿ. ಮೊದಲ ವಿಮಾನಗಳು ಹಾರಿದ್ದು 2008ರ ಮೇ 24ರಂದು.

ಇಲ್ಲಿ 13 ಮತ್ತು 13, ಒಟ್ಟು 26 ಎಂಬ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ನಮ್ಮ ಕಂಪನಿ ಕಾಯಿದೆಯ ಪ್ರಕಾರ ಕೆಲವು ಮಹತ್ವದ ನಿರ್ಣಯಗಳಿಗೆ ಮುಕ್ಕಾಲು ಪಾಲು ಮತಗಳು ಬೇಕು. ಆದ್ದರಿಂದ ಶೇಕಡಾ 25ಕ್ಕಿಂತ ಹೆಚ್ಚು ಪಾಲಿರುವವರು ಅಂತಹ ನಿರ್ಣಯವನ್ನು ತಡೆಯಬಲ್ಲರು. 26 ಎಂಬುದು ಒಂದು ಬೀಗ. ಆದರೆ ಬೆಂಗಳೂರಿನಲ್ಲಿ ಆ ಬೀಗದ ಕೈ ಎರಡು ತುಂಡಾಗಿದೆ. ಒಂದು ತುಂಡು ದೆಹಲಿಯಲ್ಲಿ, ಇನ್ನೊಂದು ವಿಧಾನಸೌಧದಲ್ಲಿ. ಎರಡೂ ಕೂಡಿದರೆ ಮಾತ್ರ ಬೀಗ ಬೀಳುತ್ತದೆ. ರಾಜ್ಯವೊಂದೇ ಬೇಡವೆಂದರೆ ಸಾಲದು, ಕೇಂದ್ರವೊಂದೇ ಬೇಡವೆಂದರೂ ಸಾಲದು. ಇನ್ನೊಂದು ಪರಿಣಾಮವೂ ಉಂಟು. ಸರ್ಕಾರದ ಪಾಲು ಶೇಕಡಾ 51 ಆದರೆ ಮಾತ್ರ ಅದು ಸರ್ಕಾರಿ ಕಂಪನಿ. ಸರ್ಕಾರಿ ಕಂಪನಿಯಾದರೆ ಮಹಾಲೇಖಪಾಲರ ತಪಾಸಣೆ ತಾನಾಗಿಯೇ ಬರುತ್ತದೆ. 26ಕ್ಕೆ ಆ ನಿಯಮ ಅನ್ವಯಿಸದು. ಸಾರ್ವಜನಿಕರ ಪಾಲು ಉಳಿಯಿತು, ಸಾರ್ವಜನಿಕ ಲೆಕ್ಕದ ಕ್ರಮ ಸಡಿಲವಾಯಿತು.

ಕರಾರಿನ ಒಳಗೆ ಏನಿದೆ? ನಿಲ್ದಾಣ ತೆರೆದ ದಿನದಿಂದ 30 ವರ್ಷಗಳ ಅವಧಿ. ಇನ್ನೂ 30 ವರ್ಷಗಳಿಗೆ ಅದನ್ನು ವಿಸ್ತರಿಸಿಕೊಳ್ಳುವ ಆಯ್ಕೆ ಕಂಪನಿಯದು. ಎರಡೂ ಕೂಡಿದರೆ 2068. ಕೇಂದ್ರ ಸರ್ಕಾರಕ್ಕೆ ಒಟ್ಟು ಆದಾಯದ ಶೇಕಡಾ 4. ಹಳೆಯ ನಿಲ್ದಾಣದಿಂದ ಸಾಮಾನ್ಯ ನಾಗರಿಕ ವಿಮಾನಗಳ ಸಂಚಾರ ನಿಲ್ಲಬೇಕು. ಮೈಸೂರು ಹಾಸನಗಳನ್ನು ಬಿಟ್ಟು, 150 ಕಿಲೋಮೀಟರ್ ದೂರದ ಒಳಗೆ 25 ವರ್ಷಗಳ ಕಾಲ, ಎಂದರೆ 2033ರವರೆಗೆ, ಬೇರೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದು. ಹಳೆಯ ನಿಲ್ದಾಣವನ್ನು ಮುಚ್ಚುವ ವಿಷಯ 2008ರಲ್ಲಿ ಹೈಕೋರ್ಟಿನವರೆಗೆ ಹೋಯಿತು. ಪ್ರಾಧಿಕಾರದ ನೌಕರರು ಮುಷ್ಕರ ಹೂಡಿದರು. ಆದರೆ ಸಹಿ ಬಿದ್ದು ನಾಲ್ಕು ವರ್ಷ ಕಳೆದಿತ್ತು. ಬಹುಮಂದಿ ಆ ಷರತ್ತನ್ನು ಕೇಳಿದ್ದೇ ಆಗ. ಸಹಿಗೆ ಮುನ್ನ ನಡೆಯಬೇಕಾದ ಚರ್ಚೆ ಸಹಿಯಾದ ಮೇಲೆ ನಡೆಯಿತು. ದರಗಳನ್ನು ನಿಯಂತ್ರಿಸುವ ಸ್ವತಂತ್ರ ಪ್ರಾಧಿಕಾರವಾದರೂ ಸ್ಥಾಪನೆಯಾದದ್ದು 2009ರಲ್ಲಿ, 2008ರ ಕಾಯಿದೆಯ ಮೇರೆಗೆ. ಹೊಲವನ್ನು ವಾರಕ್ಕೆ ಕೊಟ್ಟ ಮೇಲೆ ಬೇಲಿ ಕಟ್ಟಲು ಹೊರಟಂತಾಯಿತು.

ಹೀಗೆಂದರೆ ಆಗಿರುವ ಒಳ್ಳೆಯದನ್ನು ಅಲ್ಲಗಳೆದಂತಲ್ಲ. ಒಳ್ಳೆಯ ನಿಲ್ದಾಣ ಬಂದಿದೆ. 2013ರಲ್ಲಿ ಅದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಾಯಿತು, 2022ರ ನವೆಂಬರಿನಲ್ಲಿ ಎರಡನೆಯ ಪ್ರಯಾಣಿಕರ ಭವನ ಉದ್ಘಾಟನೆಯಾಯಿತು. ಹಳೆಯ ಏರ್ಪಾಡಿನಲ್ಲಿ ಇಷ್ಟು ಬೇಗ ಇಷ್ಟು ಆಗುತ್ತಿತ್ತೆಂದು ಹೇಳುವುದು ಕಷ್ಟ. ಗಮನಿಸಬೇಕಾದ ಸಂಗತಿ ಬೇರೆ. ನಿಲ್ದಾಣವನ್ನು ಕಟ್ಟಿದ ಪಾಲುದಾರರು ಒಬ್ಬೊಬ್ಬರಾಗಿ ಹೊರಟುಹೋದರು. ಲಾರ್ಸನ್ ಅಂಡ್ ಟೂಬ್ರೋ ಹೊರಟಿತು, ಜ್ಯೂರಿಕ್ ಹೊರಟಿತು. ನಡುವೆ ಬಂದ ಹೈದರಾಬಾದಿನ ಜಿವಿಕೆ 2017ರಲ್ಲಿ ತನ್ನ ಪಾಲನ್ನು ಮಾರಿತು. ಇಂದು ಬಹುಪಾಲು ಷೇರುಗಳು ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ ಕೈಯಲ್ಲಿವೆ. ಒಡೆಯರು ಬದಲಾದುವು ಎಂಬುದು ಊರಿಗೆ ತಿಳಿದದ್ದು ಪತ್ರಿಕೆಯ ವಾಣಿಜ್ಯ ಪುಟದಿಂದ. ಬದಲಾಗದೆ ಉಳಿದದ್ದು ಒಂದೇ, 2004ರ ಕರಾರು. ಒಡೆಯನಿಗಿಂತ ಕರಾರು ದೊಡ್ಡದು ಎಂಬ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಎಲ್ಲವೂ ಸರ್ಕಾರದ ಕೈಯಲ್ಲೇ ಇರಬೇಕಿತ್ತೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ಕೋಲಾರದ ಚಿನ್ನದ ಗಣಿಗಳೇ ಇವೆ. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಗಣಿಗಳ ಆಡಳಿತಕ್ಕೆ ಬಂದಿತು. 1956ರಲ್ಲಿ ಮೈಸೂರು ಸರ್ಕಾರ ಅವುಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ವರ್ಗವಾದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಆಂಗ್ಲ ಕಂಪನಿ, ರಾಜ್ಯ, ಕೇಂದ್ರ, ನಿಗಮ ಎಂದು ನಾಲ್ಕು ಬಗೆಯ ಒಡೆತನ ಆಯಿತು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರನ್ನು ಯಾವ ಒಡೆಯನೂ ಆಡಳಿತದ ಮೇಜಿನ ಮುಂದೆ ಕೂರಿಸಲಿಲ್ಲ. ಗಣಿ ಮುಚ್ಚಿದಾಗ ಕಾರ್ಮಿಕರ ಬಾಕಿ ಯಾರದು, ಮನೆಗಳು ಯಾರವು, ಊರ ನಡುವೆ ರಾಶಿಬಿದ್ದ ಸೈನೈಡ್ ಮಣ್ಣಿನ ದಿಬ್ಬಗಳ ಹೊಣೆ ಯಾರದು ಎಂಬ ಪ್ರಶ್ನೆಗಳೆಲ್ಲ ಅಲ್ಲಿಯೇ ಉಳಿದುವು. ಸರ್ಕಾರದ ಮುದ್ರೆಯಿದ್ದ ಮಾತ್ರಕ್ಕೆ ಜನರಿಗೆ ರಕ್ಷಣೆ ದೊರೆಯಲಿಲ್ಲ. ಖಾಸಗಿಯವರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಸರ್ಕಾರದಲ್ಲಿದ್ದರೆ ಎಲ್ಲ ಸುರಕ್ಷಿತ ಎನ್ನುವವರೂ ಈ ಒಂದು ಊರಿನ ಚರಿತ್ರೆಯನ್ನು ಓದಬೇಕು.

ಹೊರಗಿನ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಬ್ರಿಟನ್ನಿನಲ್ಲಿ 1966ರಲ್ಲಿ ಕಾರ್ಯಾರಂಭ ಮಾಡಿದ ಸರ್ಕಾರಿ ವಿಮಾನ ನಿಲ್ದಾಣ ಪ್ರಾಧಿಕಾರವನ್ನು 1987ರಲ್ಲಿ ಷೇರುಪೇಟೆಯಲ್ಲಿ ಮಾರಿದರು. ಲಂಡನ್ನಿನ ಹೀಥ್ರೋ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್ ಮೂರನ್ನೂ ಬಿಡಿಸದೆ ಒಟ್ಟಿಗೆ ಕೊಟ್ಟರು. ಸರ್ಕಾರದ ಏಕಸ್ವಾಮ್ಯ ಹೋಗಿ ಖಾಸಗಿ ಏಕಸ್ವಾಮ್ಯ ಬಂದಿತು. 22 ವರ್ಷಗಳ ಮೇಲೆ, 2009ರಲ್ಲಿ, ಸ್ಪರ್ಧೆಯಿಲ್ಲದಿರುವುದೇ ದೋಷವೆಂದು ಅಲ್ಲಿಯ ಸ್ಪರ್ಧಾ ಆಯೋಗವು ಕೆಲವು ನಿಲ್ದಾಣಗಳನ್ನು ಮಾರಿಬಿಡುವಂತೆ ಅದೇ ಕಂಪನಿಗೆ ಆಜ್ಞಾಪಿಸಬೇಕಾಯಿತು.

ಜ್ಯೂರಿಕ್ಕಿನ ಕಥೆ ಇನ್ನೂ ಕುತೂಹಲಕರ, ಏಕೆಂದರೆ ಆ ಸಂಸ್ಥೆ ದೇವನಹಳ್ಳಿಯಲ್ಲಿ ನಮ್ಮ ಪಾಲುದಾರನಾಗಿತ್ತು. ತನ್ನ ಸ್ವಂತ ಊರಿನಲ್ಲಿ ಅದು ಷೇರುಪೇಟೆಯ ಕಂಪನಿ. ಆದರೆ ಜ್ಯೂರಿಕ್ ಪ್ರಾಂತದ ಪಾಲು ಮೂರರಲ್ಲಿ ಒಂದಕ್ಕಿಂತ ಕೆಳಗೆ ಇಳಿಯಬಾರದೆಂದು ಅಲ್ಲಿಯ ಕಾನೂನೇ ಹೇಳುತ್ತದೆ. ರನ್‌ವೇಗಳನ್ನು ಉದ್ದ ಮಾಡಬೇಕಾದರೆ ಕಂಪನಿಯ ನಿರ್ಧಾರವೊಂದೇ ಸಾಲದು. 2024ರ ಮಾರ್ಚ್ 3ರಂದು ಆ ಪ್ರಶ್ನೆಯನ್ನು ಪ್ರಾಂತದ ಮತದಾರರ ಮುಂದೆ ಇಡಲಾಯಿತು. ಶೇಕಡಾ 60ಕ್ಕೂ ಹೆಚ್ಚು ಮಂದಿ ಒಪ್ಪಿಗೆಯಿತ್ತರು. ಇಲ್ಲಿ ಗಮನಾರ್ಹವಾದದ್ದು ಅವರು ಒಪ್ಪಿದರು ಎಂಬುದಲ್ಲ, ಅವರನ್ನು ಕೇಳಲಾಯಿತು ಎಂಬುದು.

ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿ ಬೇರೊಂದು ದಾರಿ ಹಿಡಿದರು. 1994ರಲ್ಲಿ ಕಂಪನಿ ಸ್ಥಾಪಿಸಿ, ಹೊರದೇಶಗಳಲ್ಲಿ ದುಡಿಯುವ ಮಲೆಯಾಳಿಗಳಿಂದ ಹಣ ಕೂಡಿಸಿ, 1999ರಲ್ಲಿ ನಿಲ್ದಾಣ ತೆರೆದರು. ಸುಮಾರು 30 ದೇಶಗಳಲ್ಲಿರುವ ಸಾವಿರಾರು ಸಣ್ಣ ಹೂಡಿಕೆದಾರರು ಅದರ ಪಾಲುದಾರರು. ಅತಿ ದೊಡ್ಡ ಪಾಲು ರಾಜ್ಯ ಸರ್ಕಾರದ್ದು. ಆಡಳಿತ ಮಂಡಳಿಯ ಅಧ್ಯಕ್ಷರು ರಾಜ್ಯದ ಮುಖ್ಯಮಂತ್ರಿ. ಅದು ಪೂರ್ತಿ ಸರ್ಕಾರದ್ದೂ ಅಲ್ಲ, ಒಬ್ಬ ದೊಡ್ಡ ಉದ್ಯಮಿಯದೂ ಅಲ್ಲ. ಲಾಭ ಬಂದಾಗ ಅದರ ಅಂಶ ರಾಜ್ಯದ ಬೊಕ್ಕಸಕ್ಕೂ ಸೇರುತ್ತದೆ, ಕೊಲ್ಲಿಯಲ್ಲಿ ದುಡಿಯುತ್ತಿರುವವನ ಮನೆಗೂ ಸೇರುತ್ತದೆ.

ಇತ್ತ ಭಾರತ ಸರ್ಕಾರವು 2003ರಲ್ಲಿ ಕಾಯಿದೆಯನ್ನು ತಿದ್ದಿ, ಪ್ರಾಧಿಕಾರದ ನಿಲ್ದಾಣಗಳನ್ನು ಗುತ್ತಿಗೆಗೆ ಕೊಡಲು ದಾರಿಮಾಡಿತು. 2006ರಲ್ಲಿ ದೆಹಲಿ ಮುಂಬಯಿಗಳು ಖಾಸಗಿ ಆಡಳಿತಕ್ಕೆ ಹೋದುವು. ದೆಹಲಿಯ ಆದಾಯದಲ್ಲಿ ಶೇಕಡಾ 45.99, ಮುಂಬಯಿಯ ಆದಾಯದಲ್ಲಿ 38.7 ಪ್ರಾಧಿಕಾರಕ್ಕೆ ಸಲ್ಲಬೇಕೆಂದಾಯಿತು. 2019ರಲ್ಲಿ ಆರು ನಿಲ್ದಾಣಗಳನ್ನು 50 ವರ್ಷಗಳ ಅವಧಿಗೆ ಹರಾಜಿಗಿಟ್ಟರು. ನಮ್ಮ ಮಂಗಳೂರು ಅವುಗಳಲ್ಲಿ ಒಂದು. ಪ್ರತಿ ಪ್ರಯಾಣಿಕನಿಗೆ 115 ರೂಪಾಯಿ ಕೊಡುತ್ತೇವೆಂದ ಅದಾನಿ ಸಂಸ್ಥೆಗೆ ಅದು ದೊರೆತು, 2020ರ ಅಕ್ಟೋಬರ್ 31ರಂದು ಹಸ್ತಾಂತರವಾಯಿತು. ಇದಕ್ಕೆ ಎದುರಾಗಿ ಶಿವಮೊಗ್ಗದಲ್ಲಿ 2023ರಲ್ಲಿ ತೆರೆದ ನಿಲ್ದಾಣವನ್ನು ರಾಜ್ಯದ ನಿಗಮವೇ ನಡೆಸಲು ಮುಂದಾಯಿತು. ಹೀಗೆ ಒಂದೇ ರಾಜ್ಯದಲ್ಲಿ ಪ್ರಾಧಿಕಾರದ ನಿಲ್ದಾಣ, ಪಾಲುದಾರಿಕೆಯ ನಿಲ್ದಾಣ, ಗುತ್ತಿಗೆಯ ನಿಲ್ದಾಣ, ರಾಜ್ಯವೇ ನಡೆಸುವ ನಿಲ್ದಾಣ ಎಂದು ನಾಲ್ಕು ಮಾದರಿಗಳು ನಮ್ಮ ಕಣ್ಣಮುಂದಿವೆ. ಹೋಲಿಸಿ ನೋಡಿ ಕಲಿಯಲು ಇದಕ್ಕಿಂತ ಅನುಕೂಲವಾದ ಸನ್ನಿವೇಶ ಬೇರೆ ರಾಜ್ಯಕ್ಕೆ ದೊರೆತಿರುವುದು ವಿರಳ.

ಕಲಿಯುವ ಕಾಲವೂ ಈಗಲೇ ಬಂದಿದೆ. 2033 ಹತ್ತಿರವಾಗುತ್ತಿರುವುದರಿಂದ ಬೆಂಗಳೂರಿಗೆ ಎರಡನೆಯ ನಿಲ್ದಾಣ ಎಲ್ಲಿ ಎಂಬ ಮಾತು ನಡೆದಿದೆ. ಕನಕಪುರದ ದಿಕ್ಕು, ನೆಲಮಂಗಲದ ದಿಕ್ಕು ಎಂದು ಸ್ಥಳಗಳ ಹೆಸರು ಬಂದಿವೆ. ನಮ್ಮ ಮಾಲೂರಿನ ಗಡಿಯಾಚೆ ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಸರ್ಕಾರ 2024ರ ಜೂನಿನಲ್ಲಿ ಪ್ರಕಟಿಸಿತು. ಅದೂ ಆ 150 ಕಿಲೋಮೀಟರಿನ ವೃತ್ತದೊಳಗೇ ಬರುತ್ತದೆ. ಎಲ್ಲೆಡೆಯೂ ಚರ್ಚೆ ನಡೆಯುತ್ತಿರುವುದು ಸ್ಥಳವನ್ನು ಕುರಿತು. ಕರಾರನ್ನು ಕುರಿತು ಚರ್ಚೆ ಕೇಳಿಬರುತ್ತಿಲ್ಲ. ಸ್ಥಳ ಗೊತ್ತಾದ ಮೇಲೆ ಜಮೀನಿನ ಬೆಲೆ ಏರುತ್ತದೆ, ಗದ್ದಲ ಏಳುತ್ತದೆ, ಗದ್ದಲದ ನಡುವೆ ಕರಾರು ಬರೆಯಲ್ಪಡುತ್ತದೆ. ಅದಕ್ಕೆ ಮುಂಚೆ ಕೆಲವು ಮಾತುಗಳು ಇತ್ಯರ್ಥವಾಗಬೇಕು.

ಮೊದಲನೆಯದು, ಒಡೆತನ, ಆಡಳಿತ, ದರನಿರ್ಣಯ ಈ ಮೂರೂ ಬೇರೆ ಬೇರೆ ಕೈಗಳಲ್ಲಿರಬೇಕು. ದರ ಗೊತ್ತುಮಾಡುವವನಿಗೆ ಲಾಭದಲ್ಲಿ ಪಾಲಿರಬಾರದು. ಎರಡನೆಯದು, ಸಾರ್ವಜನಿಕರ ಪಾಲು ಎಷ್ಟೇ ಇರಲಿ, ಅದು ಬೀಗ ಹಾಕಬಲ್ಲಷ್ಟು ಇರಬೇಕು, ಬೀಗದ ಕೈ ಒಡೆದಿರಬಾರದು, ಅಂತಹ ಕಂಪನಿಯ ಲೆಕ್ಕ ಶಾಸನಸಭೆಯ ಮುಂದೆ ಬರಬೇಕು. ಮೂರನೆಯದು, ಬಹುಪಾಲು ಷೇರುಗಳು ಕೈ ಬದಲಿಸುವಾಗ ರಾಜ್ಯದ ಒಪ್ಪಿಗೆ ಬೇಕು, ಅದಕ್ಕೆ ಕಾರಣಗಳು ಪ್ರಕಟವಾಗಬೇಕು. ನಾಲ್ಕನೆಯದು, ಭೂಮಿ ಕಳೆದುಕೊಳ್ಳುವ ರೈತನಿಗೆ ಒಂದು ಸಲದ ಪರಿಹಾರವಲ್ಲದೆ ಒಂದು ಪಾಲೂ ಇರಬೇಕು. ಕೊನೆಯದು, ಕರಾರಿನ ಪೂರ್ಣ ಪಾಠ ಸಹಿಗೆ ಮುನ್ನ ಕನ್ನಡದಲ್ಲಿ ಪ್ರಕಟವಾಗಬೇಕು. 60 ವರ್ಷ ನಾಡನ್ನು ಕಟ್ಟಿಹಾಕುವ ಕಾಗದವನ್ನು ಆ ನಾಡಿನ ಭಾಷೆಯಲ್ಲಿ ಓದಿಸಬೇಕೆಂಬುದು ಅತಿಯಾದ ಬೇಡಿಕೆಯಲ್ಲ.

ನಾಲ್ಕನೆಯ ಮಾತನ್ನು ಕೇಳಿ ಕೆಲವರು ನಗಬಹುದು, ಇದು ಎಲ್ಲಿಯ ಪದ್ಧತಿ ಎನ್ನಬಹುದು. ಇದು ಇಲ್ಲಿಯದೇ ಪದ್ಧತಿ. ಕೋಲಾರ ಸೀಮೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಅದನ್ನು ಕಾಪಾಡುವವನಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಪಾಲು ಬಿಡುತ್ತಿದ್ದರು. ಆ ಪಾಲು ಬಹುಮಾನವಷ್ಟೇ ಅಲ್ಲ, ಹೊಣೆ. ಕೆರೆ ಚೆನ್ನಾಗಿದ್ದರೆ ಅವನ ಗದ್ದೆಗೂ ನೀರು, ಏರಿ ಒಡೆದರೆ ಅವನ ಗದ್ದೆಯೂ ಒಣಗುತ್ತದೆ. ನೀರನ್ನು ಹಂಚುವ ನೀರುಗಂಟಿ ಬೇರೆಯವನು. ಅವನು ಕೆರೆಯ ಒಡೆಯನಲ್ಲ, ಆದರೆ ತೂಬಿನ ಮೇಲೆ ಅವನ ಕೈಯೇ ಕೈ. ಕಟ್ಟಿದವನು, ಕಾಯುವವನು, ಹಂಚುವವನು ಮೂವರನ್ನೂ ಬೇರ್ಪಡಿಸಿ, ಮೂವರ ಕ್ಷೇಮವನ್ನೂ ಒಂದೇ ನೀರಿಗೆ ಕಟ್ಟಿದ ಈ ಏರ್ಪಾಡನ್ನು ನಮ್ಮವರು ಯಾವ ವಿದೇಶೀ ತಜ್ಞರ ಸಲಹೆಯಿಂದಲೂ ಕಲಿಯಲಿಲ್ಲ.

ಹಳೆಯ ಕಾಲಕ್ಕೆ ಹಿಂದಿರುಗೋಣ ಎಂದು ನಾನು ಹೇಳುತ್ತಿಲ್ಲ. ಆ ಕಾಲದ ಪಾಲುಗಳು ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಕೆರೆಯ ಹೂಳು ಹೊತ್ತವರ ಹೆಸರು ಶಾಸನದಲ್ಲಿ ಕಾಣುವುದು ಅಪರೂಪ. ಆದರೆ ಒಪ್ಪಂದವನ್ನು ಊರ ನಡುವೆ ನಿಲ್ಲಿಸಿ ಎಲ್ಲರಿಗೂ ತೋರಿಸುವ ಧೈರ್ಯ ಆ ಕಾಲಕ್ಕೆ ಇತ್ತು. ಇಂದಿನ ಸರ್ಕಾರಗಳಿಗೂ ಕಂಪನಿಗಳಿಗೂ ಅಷ್ಟು ಧೈರ್ಯವಾದರೂ ಬರಲಿ. ಮುಂದಿನ ನಿಲ್ದಾಣ ಯಾರದು ಎಂದು ಕೇಳುವ ಮೊದಲು ಅದರ ಲೆಕ್ಕ ಯಾರಿಗೆ ಒಪ್ಪಿಸಬೇಕು ಎಂದು ಕೇಳೋಣ. ಆ ಪ್ರಶ್ನೆಗೆ ಸರಿಯಾದ ಉತ್ತರ ಕರಾರಿನ ಮೊದಲ ಪುಟದಲ್ಲಿಯೇ ಸಿಕ್ಕಿದರೆ, ಒಡೆಯನ ಹೆಸರು ಕೊನೆಯ ಪುಟದಲ್ಲಿದ್ದರೂ ಚಿಂತೆಯಿಲ್ಲ.